ಲೋ ವೋಲ್ಟೇಜ್

ಫಿರೋಜ್ ಸತ್ತು ಬಿದ್ದಿದ್ದ. ತನ್ನ ಅಂಗಡಿಯಲ್ಲೇ, ದಿನವೂ ತಾನು ಕೂರುತ್ತಿದ್ದ ಸ್ಟೂಲಿನ ಪಕ್ಕದಲ್ಲೇ.

ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಅದು. ಆ ಕಡೆ ಹಿಟ್ಟಿನ ಗಿರಣಿ, ಈ ಕಡೆ ಫಿರೋಜನ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯ ಹಿಂಗೋಡೆಗೆ ಬೆನ್ನು ಹಚ್ಚಿಕೊಂಡೇ ಅವನ ಮನೆ. ಎ.ಎಸ್.ಐ. ಗಾಳೆಪ್ಪ ಬಂದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಓಣಿ ತುಂಬ ಜನ. ಅಂಗಡಿಯ ಶಟರ್ ಅರ್ಧ ಇಳಿದಿತ್ತು.

"ಸರೀರ್ಲೇ! ಬಯಲಾಟ ನೋಡಾಕ ಬಂದೀರೇನು?" ಎಂದು ಗದರಿ, ಗಾಳೆಪ್ಪ ಬಗ್ಗಿ ಒಳಗೆ ಹೋದ.

ದೇಹ ಅಂಗಾತ ಬಿದ್ದಿತ್ತು. ಎರಡೂ ಅಂಗೈ ಸುಟ್ಟು ಕಪ್ಪಾಗಿದ್ದವು. ಪಕ್ಕದ ಗೋಡೆಯ ಪ್ಲಗ್ ಬಾಕ್ಸ್ ಬಿಚ್ಚಿತ್ತು. ಅದರಿಂದ ಎರಡು ಬರಿ ವೈರು ಜೋತು ಬಿದ್ದಿದ್ದವು. ಬೆಂಚಿನ ಮೇಲೆ ಒಂದು ಕಂಪ್ಯೂಟರ್ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಅದರ ಡಬ್ಬಿಯ ಅಂಚಿಗೆ ಒಡೆದ ಅರಗಿನ ಚೂರು ಅಂಟಿತ್ತು.

ಆ ಅರಗು ಗಾಳೆಪ್ಪನದೇ. ಆ ಕಂಪ್ಯೂಟರ್ ತಂದುಕೊಟ್ಟವನೂ ಅವನೇ.

ಹರಪನಹಳ್ಳಿ ರಸ್ತೆಯಲ್ಲಿ ಗಾದಿಲಿಂಗಪ್ಪನ ಶೇಂಗಾ ಎಣ್ಣೆ ಮಿಲ್ಲಿದೆ. ಅಲ್ಲಿ ಕೂಲಿ ಮಾಡುತ್ತಿದ್ದ ಪಂಪಮ್ಮ ಮೊನ್ನೆ ರಸ್ತೆ ಬದಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಲಾರಿ ಹೊಡೆದುಕೊಂಡು ಹೋಯಿತು ಎಂದು ಮಿಲ್ಲಿನವರು ಹೇಳಿದ್ದರು. ಮಿಲ್ಲಿನ ಕ್ಯಾಮೆರಾದ ವಿಡಿಯೋ ಕೊಡಿ ಎಂದರೆ, ಸಿಡಿಲಿಗೆ ಕಂಪ್ಯೂಟರ್ ಸುಟ್ಟಿದೆ ಎಂದಿದ್ದರು. ಗಾಳೆಪ್ಪ ನಂಬಿರಲಿಲ್ಲ. ಡಬ್ಬಿಗೆ ಸೀಲ್ ಹಾಕಿ, ಫಿರೋಜನ ಕೈಗಿಟ್ಟು, "ಖರೇನ ಸುಟ್ಟೈತೋ ಏನು ನಾಟಕೋ, ನೋಡಿ ಹೇಳಪಾ" ಎಂದು ಹೋಗಿದ್ದ.

ಈಗ ಹೇಳುವ ಬಾಯಿ ಮುಚ್ಚಿತ್ತು.

"ಕರೆಂಟ್ ಹೊಡದೈತ್ರಿ ಸರ," ಎಂದ ಪೇದೆ ಅಂಜಿನಿ.

"ಕಣ್ಣು ನನಗೂ ಅದಾವಲೇ. ಯಾಕ ಹೊಡೀತು ಅನ್ನೋದನ್ನ ಹೇಳು."

*  *  *

ಹಿಂದಿನ ಮನೆಯಲ್ಲಿ ಫಿರೋಜನ ತಾಯಿ ಸೈದಾ ಬೀ ಎದೆ ಬಡಿದುಕೊಳ್ಳುತ್ತಿದ್ದಳು. ಹೆಂಡತಿ ಮುಬೀನಾ ಗೋಡೆಗೆ ಒರಗಿ ಕೂತಿದ್ದಳು. ಅಳು ಇರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದಳು.

"ಅಕೀನ ಕೊಂದಾಳ ಸಾಹೇಬ್ರ!" ಮುದುಕಿ ಕೂಗಿದಳು. "ಮುಂಜಾನಿ ಜಗಳ ಮಾಡ್ಯಾಳ, ಬೊಮ್ಮನಹಳ್ಳಿಗೆ ತಾಯಿ ಮನಿಗೆ ಹೊಕ್ಕೀನಿ ಅಂತ. ಈಗ ಸ್ವಿಚ್ ಹಾಕಿ ನನ್ನ ಮಗನ್ನ ತಿಂದ್ಲು, ಯಾ ಅಲ್ಲಾ!"

ಗಾಳೆಪ್ಪ ಮುಬೀನಾಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಖರೇ ಏನಮ್ಮಾ? ಸ್ವಿಚ್ ನೀನ ಹಾಕಿದ್ಯಾ?"

"ಹೂಂ ರಿ. ನಾನ."

"ಗಂಡ ವೈರ್ ಹಿಡದಾಗ ಹಾಕ್ತಾರೇನು? ತಲಿ ಎಲ್ಲಿಟ್ಟಿದ್ದಿ?" ಗಾಳೆಪ್ಪನ ದನಿ ಏರಿತು.

ಮುಬೀನಾ ತಲೆ ಎತ್ತಿದಳು. "ಬೈಯ್ರಿ. ಇನ್ನೂ ಬೈಯ್ರಿ. ಆದ್ರ ಅವರು ಬಡದ್ರು, ಅದಕ್ಕ ಹಾಕೀನಿ."

"ಏನು ಬಡದ್ರು?"

ಅವಳು ಹೇಳಿದಳು. ಮೇನ್ ಸ್ವಿಚ್ ಇರುವುದು ಮನೆಯ ಕಡೆಗೆ. ಅಂಗಡಿಯಲ್ಲಿ ವೈರಿನ ಕೆಲಸ ಬಂದಾಗಲೆಲ್ಲ ಫಿರೋಜ್ ಕೂಗುತ್ತಿದ್ದ: "ಮೇನ್ ತಗಿ, ಬಡದ್ರ ಹಾಕು!" ಕೆಲಸ ಮುಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಬಡಿಯದೆ ಅವಳು ಎಂದೂ ಸ್ವಿಚ್ ಮುಟ್ಟಿದವಳಲ್ಲ. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಇವತ್ತು ಬೆಂಚಿನ ಪ್ಲಗ್ ಲೂಸಾಗಿದೆ, ಮೇನ್ ತಗಿ ಎಂದ. ತೆಗೆದಳು. ಸ್ವಲ್ಪ ಹೊತ್ತಿಗೆ ಟಕ್ ಟಕ್ ಕೇಳಿಸಿತು. ಹಾಕಿದಳು.

"ಆಮ್ಯಾಲೆ ಸ್ಟೂಲ್ ಬಿದ್ದ ಸಪ್ಪಳ ಆತು. ಒಲಿ ಮ್ಯಾಲೆ ಹಾಲಿತ್ತು. ಅದನ್ನ ಇಳಿಸಿ ಹೋದೆ. ಇಳಿಸದ ಹೋಗಿದ್ರ…"

ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟಳು.

"ಶಟರ್ ಯಾರು ಇಳಿಸಿದ್ರು?"

"ಗೊತ್ತಿಲ್ರಿ. ಅವರು ಇಳಸಂಗಿಲ್ಲ. ಸೋಲ್ಡರ್ ಹೊಗಿ ತುಂಬ್ಕೋತೈತಿ ಅಂತಾರ."

ಗಾಳೆಪ್ಪ ಮತ್ತೆ ಅಂಗಡಿಗೆ ಹೋದ. ಹಿಂಗೋಡೆಯನ್ನು ನೋಡಿದ. ಬೆಂಚಿನ ಮಟ್ಟದಲ್ಲಿ, ಕೂತವನ ಕೈಗೆ ಎಟುಕುವಂತೆ, ಗಾರೆ ಎದ್ದು ಒಂದು ತಗ್ಗು ಬಿದ್ದಿತ್ತು. ಎಷ್ಟೋ ವರ್ಷದ ಟಕ್ ಟಕ್. ಕೈಯ ಎಣ್ಣೆ, ಮಸಿ ಅಂಟಿ ಕಪ್ಪಾಗಿತ್ತು. ಅದರಿಂದ ಒಂದು ಮೊಳ ಮೇಲೆ, ಬೆಂಚಿನ ಆಚೆ ತುದಿಯಲ್ಲಿ, ಇನ್ನೊಂದು ಗುರುತು. ಬಣ್ಣ ಕಿತ್ತು ಬಿಳಿ ಸುಣ್ಣ ಕಾಣುತ್ತಿತ್ತು. ಅದರ ಕೆಳಗೆ ಬೆಂಚಿನ ಮೇಲೆ ಸ್ಕ್ರೂಡ್ರೈವರ್ ಬಿದ್ದಿತ್ತು.

"ಅಂಜಿನಿ, ಇಲ್ಲಿ ನಿಂದ್ರು. ನಿಂತು ಗೋಡಿಗೆ ಕೈ ಹಚ್ಚು."

ಅಂಜಿನಿ ಹಚ್ಚಿದ. ಕೈ ನೇರ ಹೊಸ ಗುರುತಿನ ಮೇಲೆ ಕೂತಿತು.

ಗಾಳೆಪ್ಪ ಹೆಣದ ಕಡೆ ತಿರುಗಿದ. ಒಂದೊಂದು ಕೈಯಲ್ಲಿ ಒಂದೊಂದು ವೈರು ಹಿಡಿದವನಿಗೆ ಗೋಡೆ ಬಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು?

*  *  *

ಮೊದಲ ಸಂಶಯ ಗಾದಿಲಿಂಗಪ್ಪನ ಮೇಲೆ. ಗಾಳೆಪ್ಪ ಜೀಪು ನಿಲ್ಲಿಸುವ ಮೊದಲೇ ಬೈಗುಳ ಶುರು ಮಾಡಿದ್ದ. ಮಿಲ್ಲಿನ ಮಾಲೀಕನೂ ಕಮ್ಮಿ ಏನಲ್ಲ.

"ನಾನು ಹಡಗಲ್ಯಾಗ ಮದುವಿ ಮನ್ಯಾಗ ಇದ್ದೆ. ಊಟದ ಪಂಕ್ತ್ಯಾಗ ಕುಂತ ಫೋಟೋ ಐತಿ. ನಿಮ್ಮ ಡಿ.ವೈ.ಎಸ್.ಪಿ. ಸಾಹೇಬ್ರ ನನ್ನ ಮಗ್ಗಲದಾಗ ಉಂಡಾರ. ಅವರನ್ನೂ ಬೈತೀರೇನು?"

ವಿಚಾರಿಸಿದರೆ ಮಾತು ನಿಜ. ಮಾಲೀಕ ಬೆಳಗ್ಗೆ ಹೋದವನು ಸಂಜೆಯೇ ಬಂದಿದ್ದ.

ಮಿಲ್ಲಿನ ಮ್ಯಾನೇಜರ್ ಶಿವಶಂಕರ ಇಬ್ಬರ ನಡುವೆ ಬಂದು ನಿಂತ. ತಣ್ಣಗಿನ ಮನುಷ್ಯ. ಎತ್ತರದ ದನಿ ಅವನಿಂದ ಯಾರೂ ಕೇಳಿರಲಿಲ್ಲ.

"ಸಿಟ್ಟಾಗಬ್ಯಾಡ್ರಿ ಸರ. ಚಾ ಕುಡೀರಿ. ನಾನಂತೂ ಮಿಲ್ ಬಿಟ್ಟು ಕದಲಿಲ್ಲ. ದಿನಪೂರ್ತಿ ಎಣ್ಣಿ ತಗಿಯೋ ಎಕ್ಸ್‌ಪೆಲ್ಲರ್ ಓಡೈತಿ."

ಮರುದಿನ ಮಣ್ಣು ಮಾಡುವ ದಫನಿಗೆ ಬಂದವರಲ್ಲಿ ಶಿವಶಂಕರನೂ ಇದ್ದ. ನೆಲಕ್ಕೆ ಹಾಸಲು ಮಿಲ್ಲಿನಿಂದ ತಾಡಪತ್ರಿ ಕಳಿಸಿದ್ದ. ಸೈದಾ ಬೀಯ ಕೈ ಹಿಡಿದು ಕಣ್ಣೊರೆಸಿಕೊಂಡ. ಹೊರಗೆ ಬಂದು ಗಾಳೆಪ್ಪನ ಪಕ್ಕ ನಿಂತ.

"ಎಂಥಾ ಚಲೋ ಹುಡುಗ ಸರ. ಎಲ್ಲಾ ಈ ಕರೆಂಟಿನವರದ ತಪ್ಪು. ಅವತ್ತು ಈ ಓಣ್ಯಾಗ ಲೋ ವೋಲ್ಟೇಜ್ ಇತ್ತಲ್ರಿ, ಅದಕ್ಕ ಪಾಪ ವೈರ್ ಬಿಚ್ಯಾನ. ವೋಲ್ಟೇಜ್ ಸರಿ ಇದ್ದಿದ್ರ ಅಂವ ಯಾಕ ಕೈ ಹಾಕ್ತಿದ್ದ?"

ಗಾಳೆಪ್ಪನಿಗೆ ಇಷ್ಟೇ ಸಾಕಾಯಿತು. ಲೋ ವೋಲ್ಟೇಜ್ ಎಂಬ ಮಾತು ಆ ಸೀಮೆಯಲ್ಲಿ ಯಾರ ಕಿವಿಗೆ ಬಿದ್ದರೂ ಮೈ ಉರಿಯುತ್ತದೆ. ಹಂಪಸಾಗರದಲ್ಲಿ ಅವನ ಹೊಲದ ಮೋಟರ್ ಹೋದ ಬೇಸಿಗೆಯಲ್ಲಿ ಸುಟ್ಟಿದ್ದು ಅದಕ್ಕೇ. ಹೆಣದ ಮನೆಯಿಂದ ನೇರ ಕರೆಂಟ್ ಆಫೀಸಿಗೆ ಹೋದ. ಮೇಜು ಗುದ್ದಿದ. ಅಲ್ಲಿದ್ದ ಅಧಿಕಾರಿ ಕನ್ನಡಕ ತೆಗೆದಿಟ್ಟು, ಬೈಗುಳ ಮುಗಿಯುವವರೆಗೆ ಕಾದ.

"ಆತೇನ್ರಿ? ಆ ಓಣಿಗೆ ಹೊಸಾ ಟ್ರಾನ್ಸ್‌ಫಾರ್ಮರ್ ಕುಂದ್ರಿಸೀವಿ. ಅವತ್ತು ವೋಲ್ಟೇಜ್ ಪೂರಾ ಇತ್ತು. ನಂಬಿಕಿ ಇಲ್ಲಾಂದ್ರ ಎದುರಿಗೆ ಗಿರಣಿ ಐತಿ, ಹೋಗಿ ಕೇಳ್ರಿ."

ಗಿರಣಿಯವನು ನಕ್ಕೇಬಿಟ್ಟ. "ಲೋ ವೋಲ್ಟೇಜ್ ಇದ್ರ ನನ್ನ ಮೋಟರ್ ಏಳತೈತೇನ್ರಿ? ಅವತ್ತು ಮಧ್ಯಾಹ್ನ ಹಿಟ್ಟು ಬೀಸೋ ಗದ್ದಲದಾಗ ನನಗ ಕಿವೀನ ಕೇಳಸ್ಲಿಲ್ಲ."

ಗಾಳೆಪ್ಪ ಮನೆ ಮನೆ ಕೇಳಿದ. ಫ್ಯಾನು ನಿಧಾನ ತಿರುಗಿತೇ? ಬಲ್ಬು ಮಂಕಾಗಿತ್ತೇ? ಯಾರೂ ಹೂಂ ಎನ್ನಲಿಲ್ಲ. ಇಡೀ ಓಣಿಯಲ್ಲಿ ಲೋ ವೋಲ್ಟೇಜ್ ಎಂಬ ಮಾತನ್ನು ಆಡಿದವನು ಒಬ್ಬನೇ. ಅವನು ಈ ಓಣಿಯವನೇ ಅಲ್ಲ.

ಹಾಗಾದರೆ ಆ ಮಾತು ಅವನ ಬಾಯಿಗೆ ಎಲ್ಲಿಂದ ಬಂತು?

*  *  *

ಇನ್‌ಸ್ಪೆಕ್ಟರ್ ಫೈಲ್ ಮುಚ್ಚುವ ಮಾತಾಡುತ್ತಿದ್ದರು. ಹೆಂಡತಿಯ ಅಜಾಗರೂಕತೆಯಿಂದ ಗಂಡನ ಸಾವು. ಮುಬೀನಾಳ ಮೇಲೆ ಕೇಸು. ಸೈದಾ ಬೀ ಆಗಲೇ ಸೊಸೆಯ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟಿದ್ದಳು.

ಗಾಳೆಪ್ಪ ಮುಬೀನಾಳನ್ನು ಅಂಗಡಿಗೆ ಕರೆದ. ಅವಳು ಬಾಗಿಲಲ್ಲೇ ನಿಂತಳು.

"ಒಂದು ಮಾತು ಕೇಳ್ತೀನಿ, ನೆನಪು ಮಾಡ್ಕೊಂಡು ಹೇಳು. ಅವತ್ತು ಲೋ ವೋಲ್ಟೇಜ್ ಇತ್ತೇನು?"

"ಇಲ್ರಿ." ಎಂದವಳು ತಡೆದಳು. "ಆದ್ರ ಅವರು ಆ ಮಾತು ಅಂದ್ರು. 'ವೋಲ್ಟೇಜ್ ಕಡಿಮಿ ಬರಾಕತ್ತೈತಿ, ಅಷ್ಟ' ಅಂತ. ಗೋಡಿ ಆಚಿಂದ ಕೇಳಿಸ್ತು. ಫೋನ್‌ನಾಗ ಯಾರಿಗೋ ಹೇಳಾಕತ್ತಾರ ಅಂದ್ಕೊಂಡೆ."

ಅವನ ಫೋನನ್ನು ಗಾಳೆಪ್ಪ ನೋಡಿದ್ದ. ಆ ಮಧ್ಯಾಹ್ನ ಒಂದೂ ಕರೆ ಇರಲಿಲ್ಲ.

"ಕರೆಂಟ್ ಚಲೋ ಇದ್ದಾಗ ವೋಲ್ಟೇಜ್ ಕಡಿಮಿ ಅಂತ ಯಾಕ ಅಂದ?"

"ಅದು ಮನಿ ಕರೆಂಟಿನ ಮಾತಲ್ರಿ ಸಾಹೇಬ್ರ. ಬೋರ್ಡಿನ ಮಾತು." ಅವಳು ಬೆಂಚಿನ ಕಡೆ ಬೆರಳು ಮಾಡಿದಳು.

"ನಿನಗ ಹೆಂಗ ಗೊತ್ತು?"

"ನಾನೂ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದಾಕಿ. ಅವರಿಗೆ ಈ ಕೆಲಸ ಕಲಿಸಿದ್ದ ನಾನು. ಅಡಿಗಿ ಮನಿಗೆ ಹೋಗಿದ್ದು ಆಮ್ಯಾಲೆ."

ಗಾಳೆಪ್ಪ ಸ್ಟೂಲನ್ನು ಎತ್ತಿ ನಿಲ್ಲಿಸಿದ. "ಹಂಗಾರ ಕುಂದ್ರು. ತೋರ್ಸು."

ಪ್ಲಗ್ಗನ್ನು ಆಗಲೇ ಬೇರೆಯವರು ಸರಿಮಾಡಿದ್ದರು. ಮುಬೀನಾ ಬಹಳ ಹೊತ್ತು ಸ್ಟೂಲನ್ನೇ ನೋಡಿದಳು. ಆಮೇಲೆ ಕೂತಳು.

ಕಂಪ್ಯೂಟರ್ ಚಾಲು ಮಾಡಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಮೀಟರಿನ ಕರಿ ಕಡ್ಡಿಯನ್ನು ಡಬ್ಬಿಯ ತಗಡಿಗೆ ಒತ್ತಿದಳು, ಕೆಂಪು ಕಡ್ಡಿಯನ್ನು ದಪ್ಪ ಹಳದಿ ವೈರಿಗೆ.

"ಹನ್ನೆರಡು ವೋಲ್ಟ್. ಪೂರಾ ಐತಿ ನೋಡ್ರಿ. ಸಿಡಿಲು ಬಡದಿದ್ರ ಇಲ್ಲೇ ಏನೂ ಇರ್ತಿದ್ದಿಲ್ಲ." ಕಡ್ಡಿ ಬೋರ್ಡಿನ ನಡುವಿನ ಚೌಕದ ಬದಿಗೆ ಸರಿಯಿತು. ಅಲ್ಲಿ ತಾಮ್ರದ ಸುರುಳಿಗಳು ಸಾಲಾಗಿದ್ದವು. "ಇದು ಪ್ರೊಸೆಸರ್. ಇದಕ್ಕ ಅಷ್ಟೂ ಕೊಟ್ರ ಸುಟ್ಟು ಹೋಗತೈತಿ. ಒಂದು ವೋಲ್ಟಿನ ಮ್ಯಾಲೆ ಚೂರು ಬೇಕು, ಅಷ್ಟ. ಅದನ್ನ ಇಳಿಸಿ ಕೊಡೋದು ಈ ಸುರುಳಿ. ಈಗ ಎಷ್ಟು ಬರಾಕತ್ತೈತಿ?"

ಗಾಳೆಪ್ಪ ಕಣ್ಣು ಕಿರಿದು ಮಾಡಿ ಓದಿದ. ಅರ್ಧ ವೋಲ್ಟೂ ಇರಲಿಲ್ಲ.

"ದೊಡ್ಡ ಪೈಪಿನಾಗ ನೀರು ಐತಿ, ಗಿಡದ ಬುಡಕ್ಕ ಮುಟ್ಟಂಗಿಲ್ಲ. ಅಂದಂಗಾತು," ಎಂದ.

"ಹೂಂ. ಇದನ್ನ ಅವರು ವೋಲ್ಟೇಜ್ ಕಡಿಮಿ ಅಂದಿದ್ದು."

ಅವಳು ಕರೆಂಟ್ ತೆಗೆಸಿ, ಪ್ರೊಸೆಸರ್ ಬಿಚ್ಚಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಶಾರ್ಟ್ ಇದೆಯೇ ಎಂದು ಮೀಟರಿಟ್ಟು ನೋಡಿದಳು. ಇರಲಿಲ್ಲ. ಸುರುಳಿಗಳ ಹಿಂದೆ ಬೆರಳುಗುರಿನಷ್ಟು ಒಂದು ಚಿಪ್. ಎಷ್ಟು ವೋಲ್ಟ್ ಬಿಡಬೇಕು ಎಂದು ಅಳೆದು ಬಿಡುವುದು ಅದರ ಕೆಲಸ. ಅದರ ಕಾಲುಗಳ ಒಂದು ಬದಿ ಹೊಳೆಯುತ್ತಿತ್ತು. ಇನ್ನೊಂದು ಬದಿಗೆ ಕಂದು ಜಿಡ್ಡು ಮೆತ್ತಿತ್ತು. ಶೇಂಗಾ ಹೊಟ್ಟಿನ ದೂಳು, ಎಣ್ಣೆಯ ಹಬೆ, ಮಳೆಗಾಲದ ತೇವ ಎಲ್ಲ ಕೂಡಿ ಹಿಡಿದ ಜಿಡ್ಡು.

"ಇದರಾಗಿಂದ ಕರೆಂಟ್ ಕಾಲಿಂದ ಕಾಲಿಗೆ ಸೋರತೈತಿ. ವೋಲ್ಟೇಜ್ ಆಗಲೇ ಭಾಳ ಐತಿ ಅಂತ ಚಿಪ್ ಮೋಸ ಹೋಗತೈತಿ. ಇನ್ನೂ ಇಳಸತೈತಿ." ಅವಳ ದನಿ ತಗ್ಗಿತು. "ಅರ್ಧ ತೊಳದಾರ ನೋಡ್ರಿ. ಬ್ರಷ್ ಇಲ್ಲೇ ಐತಿ. ಅಷ್ಟರಾಗ ಪ್ಲಗ್ ಕೈ ಕೊಟ್ಟೈತಿ."

ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿದಳು. ಫಿರೋಜ್ ನಿಲ್ಲಿಸಿದ ಕಾಲಿನ ಪಕ್ಕದ ಕಾಲಿನಿಂದ ತಿಕ್ಕತೊಡಗಿದಳು. ಗಾಳೆಪ್ಪ ಹೊರಗೆ ಹೋಗಿ ನಿಂತ. ಅವನಿಗೆ ಒಮ್ಮೆಲೇ ಎಲ್ಲ ಹೊಳೆದಿತ್ತು. ವೋಲ್ಟೇಜ್ ಕಡಿಮಿ ಎಂದಾಗ ತಾನು ಓಡಿದ್ದು ಕರೆಂಟ್ ಆಫೀಸಿಗೆ. ಮಿಲ್ಲಿನ ಮ್ಯಾನೇಜರನೂ ಹಾಗೆಯೇ ತಿಳಿದಿದ್ದ. ಮೋಟರ್ ಓಡಿಸುವ ಯಾವನಾದರೂ ಹಾಗೆಯೇ ತಿಳಿಯುತ್ತಿದ್ದ.

"ಸಾಹೇಬ್ರ," ಒಳಗಿಂದ ಮುಬೀನಾ ಕರೆದಳು. "ಪ್ರೊಸೆಸರ್ ತಿರುಗಿ ಕುಂದ್ರಿಸೀನಿ, ಪರದಿ ಬಂತು."

"ವಿಡಿಯೋ ಇರೋ ಡಿಸ್ಕ್ ಬ್ಯಾರೆ ಕಂಪ್ಯೂಟರಿಗೆ ಹಾಕಿದ್ರ ಆಗ್ತಿತ್ತಲ್ಲ? ಇಷ್ಟ್ಯಾಕ ತ್ರಾಸು?"

"ತೆರೀತಿದ್ದಿಲ್ಲ. ಅದರ ಬೀಗದ ಕೈ ಈ ಬೋರ್ಡಿನಾಗ ಐತಿ. ಇದು ಎದ್ರ ಅದು ತೆರೀತೈತಿ."

ಇಬ್ಬರೂ ವಿಡಿಯೋ ನೋಡಿದರು. ಪೂರ್ತಿ ನೋಡಲು ಮುಬೀನಾಳಿಂದ ಆಗಲಿಲ್ಲ.

*  *  *

ಮರುದಿನ ಗಾಳೆಪ್ಪ ಗಾದಿಲಿಂಗಪ್ಪನಿಗೆ ಹೇಳಿಕಳಿಸಿದ: ಕಂಪ್ಯೂಟರ್ ಒಯ್ಯಲು ಮ್ಯಾನೇಜರನನ್ನೂ ಕರೆದುಕೊಂಡು ಬಾ. ಇಬ್ಬರೂ ಬಂದರು. ಅಂಗಡಿಯಲ್ಲಿ ಮುಬೀನಾ ಬೆಂಚಿಗೆ ಕೂತಿದ್ದಳು. ಮೂಲೆಯಲ್ಲಿ ಸೈದಾ ಬೀ ನಿಂತಿದ್ದಳು. ಅಂಜಿನಿ ಶಟರಿನ ಹತ್ತಿರ.

"ಶಿವಶಂಕರಣ್ಣಾ," ಎಂದ ಗಾಳೆಪ್ಪ, ತನ್ನ ಜನ್ಮದಲ್ಲೇ ಆಡದಷ್ಟು ಮೆತ್ತಗೆ. "ಕೇಸ್ ಮುಚ್ಚಬೇಕಪ್ಪಾ. ಅವತ್ತು ಏನೋ ಅಂದಿದ್ಯಲ್ಲ, ಇನ್ನೊಮ್ಮಿ ಹೇಳು."

"ಲೋ ವೋಲ್ಟೇಜ್ ಇತ್ತು ಸರ. ಅದನ್ನ ಸರಿ ಮಾಡಾಕ ಹೋಗಿ…"

"ನೀನು ಎಲ್ಲಿದ್ದಿ?"

"ಮಿಲ್‌ನಾಗ."

"ಮಿಲ್‌ನಾಗ ಇದ್ದಂವಗ ಈ ಓಣಿ ವೋಲ್ಟೇಜ್ ಹೆಂಗ ಗೊತ್ತಾತು?"

"ಯಾರೋ ಅಂದ್ರು ಸರ. ಓಣಿಯವರು."

"ಓಣಿಯವರನ್ನ ಎಲ್ಲಾರನ್ನೂ ಕೇಳೀನಿ. ಯಾರೂ ಅಂದಿಲ್ಲ. ಯಾಕಂದ್ರ ಲೋ ವೋಲ್ಟೇಜ್ ಇದ್ದಿದ್ದಿಲ್ಲ. ಅವತ್ತು ಇಡೀ ಕೊಟ್ಟೂರಾಗ ವೋಲ್ಟೇಜ್ ಕಡಿಮಿ ಇದ್ದದ್ದು ಒಂದ ಕಡಿ." ಗಾಳೆಪ್ಪ ಬೋರ್ಡಿನ ಮೇಲೆ ಬೆರಳಿಟ್ಟ. "ಇಲ್ಲಿ. ಅದನ್ನ ಬಾಯಿಬಿಟ್ಟು ಹೇಳಿದಂವ ಒಬ್ಬನ, ಫಿರೋಜ್. ಸಾಯೋ ಮೊದಲು, ಈ ಅಂಗಡ್ಯಾಗ, ತನ್ನ ಎದುರಿಗೆ ಇದ್ದವಗ. ನೀನು ಅದನ್ನ ಮನಿ ಕರೆಂಟ್ ಅಂದ್ಕೊಂಡಿ. ತಿಳೀಲಾರದ ಮಾತನ್ನ ಕದ್ದು ತಂದಿ, ನಮ್ಮ ಮುಂದ ಹರವಿದಿ."

ಶಿವಶಂಕರ ತುಟಿ ಒದ್ದೆ ಮಾಡಿಕೊಂಡ. "ಏನೇನೋ ಅನ್ನಾಕತ್ತೀರಲ್ಲ ಸರ…"

"ನೀನು ವಿಚಾರ್ಸಾಕ ಬಂದಿ. ಅಂವ ಖುಷೀಲೆ ಹೇಳಿದ. ಬೋರ್ಡ್ ಸುಟ್ಟಿಲ್ಲ, ವೋಲ್ಟೇಜ್ ಕಡಿಮಿ ಬರಾಕತ್ತೈತಿ ಅಷ್ಟ, ಸಂಜಿಗೆ ಎದ್ದೇಳತೈತಿ, ವಿಡಿಯೋ ಎಲ್ಲಾ ಇರ್ತಾವ ಅಂತ. ಅಷ್ಟರಾಗ ಪ್ಲಗ್ ಲೂಸ್ ಆತು. ಮೇನ್ ತಗಿ, ಬಡದ್ರ ಹಾಕು ಅಂತ ಕೂಗಿದ. ನೀನೂ ಕೇಳಿದಿ. ಅಂವ ಎರಡೂ ಕೈಯಾಗ ವೈರ್ ಹಿಡದಾಗ ನೀನು ಸ್ಕ್ರೂಡ್ರೈವರ್ ತಗೊಂಡಿ, ಬಡದಿ. ಹೋಗ್ತಾ ಶಟರ್ ಎಳದಿ, ಓಣ್ಯಾಗ ಯಾರಿಗೂ ಹೆಣ ಕಾಣಬಾರದು ಅಂತ. ಫಿರೋಜ್ ಬಡದು ಬಡದು ಗೋಡಿ ಇಲ್ಲಿ ತಗ್ಗಾಗೈತಿ. ನಿನ್ನದು ಅಲ್ಲಿ, ಮ್ಯಾಲೆ. ನಿಂತು ಬಡದಿದ್ದು. ಆ ಸ್ಕ್ರೂಡ್ರೈವರ್ ಬೆರಳಚ್ಚಿಗೆ ಹೋಗೈತಿ. ಮುಬೀನಾ, ಹಚ್ಚವ್ವಾ ಆ ವಿಡಿಯೋನ."

ಪರದೆ ಬೆಳಗಿತು. ಮಿಲ್ಲಿನ ಒಳಾಂಗಣ. ಬೆಲ್ಟಿಗೆ ಮುಚ್ಚಳ ಇರಲಿಲ್ಲ. ಪಂಪಮ್ಮ ಬುಟ್ಟಿ ಹೊತ್ತು ಬಗ್ಗಿದಳು. ಸೆರಗು ಬೆಲ್ಟಿಗೆ ಸಿಕ್ಕಿತು. ಆಮೇಲೆ ಶಿವಶಂಕರ ಬಂದ, ಮಷಿನ್ ನಿಲ್ಲಿಸಿದ, ಸುತ್ತ ನೋಡಿದ. ಅವಳ ಕಾಲು ಹಿಡಿದು ಜೀಪಿನ ಕಡೆ ಎಳೆದ. ನೆಲದ ಮೇಲೆ ಜಾರುತ್ತಿದ್ದ ಅವಳ ಕೈ ಒಮ್ಮೆ ಎದ್ದು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಅವನು ಬೆರಳು ಬಿಡಿಸಿದ.

"ಲೇ… ಜೀವ ಇತ್ತಲ್ಲೋ!" ಗಾದಿಲಿಂಗಪ್ಪ ಒದರಿದ.

"ಮಿಲ್ ಮುಚ್ಚಸ್ತಿದ್ರು ಧಣೀ," ಎಂದ ಶಿವಶಂಕರ. ಈಗಲೂ ದನಿ ಏರಲಿಲ್ಲ. "ಮುಚ್ಚಳ ತಗಿಸಿದ್ದು ನಾನ. ಬೀಜ ಬೇಗ ಹರೀಲಿ ಅಂತ. ನಿಮಗ ಯಾಕ ತ್ರಾಸು ಅಂತ ನಾನ ನೋಡ್ಕೊಂಡೆ."

ಗಾಳೆಪ್ಪ ಅವನ ಅಂಗಿಗೆ ಕೈ ಹಾಕಿದ. ಹೊಡೆಯುತ್ತಾನೆ ಎಂದು ಎಲ್ಲರೂ ತಿಳಿದರು. ಹೊಡೆಯಲಿಲ್ಲ. "ಅಂಜಿನಿ, ಇವನ್ನ ನನ್ನ ಕಣ್ಣ ಮುಂದಿಂದ ಒಯ್ಯಿ," ಎಂದ.

*  *  *

ಜೀಪು ಹೋದ ಮೇಲೆ ಅಂಗಡಿಯಲ್ಲಿ ಮೂವರು ಉಳಿದರು. ಮುಬೀನಾ ಕಂಪ್ಯೂಟರ್ ಆರಿಸಿದಳು.

"ಸಾಹೇಬ್ರ, ಕೇಸ್ ನನ್ನ ಮ್ಯಾಲೆ ಇಲ್ಲ ಅಲ್ರಿ?"

"ಇಲ್ಲ."

"ಆದ್ರೂ ಸ್ವಿಚ್ ಹಾಕಿದ್ದು ನನ್ನ ಕೈನ ಅಲ್ರಿ?"

ಗಾಳೆಪ್ಪನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಹುಡುಕಲೂ ಇಲ್ಲ.

"ಕೈ ನಿಂದ ಅವ್ವಾ. ಅದನ್ನ ನಾನು ಸುಳ್ಳು ಮಾಡಾಕ ಬರಂಗಿಲ್ಲ. ಬಡದಿದ್ದು ಅವಂದು."

ಟೋಪಿ ಹಾಕಿಕೊಂಡು ಹೊರಟ. ಹೊಸ್ತಿಲಲ್ಲಿ ತಿರುಗಿ, "ಆ ಸುಡುಗಾಡು ಮೇನ್ ಬೋರ್ಡ್ ಈ ಕಡಿ ಹಾಕಿಸ್ರಿ" ಎಂದು ಗದರಿದ.

ಹಾಕಿಸುವವರೆಗೆ ಕೆಲಸ ನಿಲ್ಲುವಂತಿರಲಿಲ್ಲ. ಕೂಡ್ಲಿಗಿಯಿಂದ ಬಂದ ಒಂದು ಕಂಪ್ಯೂಟರ್ ಬೆಂಚಿನ ಮೇಲಿತ್ತು. ಮುಬೀನಾ ಮೇನ್ ತೆಗೆಸಿ, ಮತ್ತೆ ಸಡಿಲವಾಗಿದ್ದ ಪ್ಲಗ್ಗಿನ ವೈರು ಬಿಗಿ ಮಾಡಿದಳು. ಅಂಗಡಿಯ ರೂಢಿಯಂತೆ ಬಡಿಯಲು ಸ್ಕ್ರೂಡ್ರೈವರ್ ಎತ್ತಿದವಳು, ಗೋಡೆಯ ಕಪ್ಪು ತಗ್ಗಿನ ಮುಂದೆ ಕೈ ತಡೆದಳು. ಕೆಳಗಿಟ್ಟು, ಎದ್ದು, ಬಳಸಿಕೊಂಡು ಮನೆಯೊಳಗೆ ಹೋದಳು.

ಸ್ವಿಚ್ಚಿನ ಕೆಳಗೆ ಸೈದಾ ಬೀ ನಿಂತಿದ್ದಳು. ಸೊಸೆಯ ಮುಖ ನೋಡಿದಳು.

"ಹಾಕ್ಲೇನು ಬೇಟಿ?"

"ಹಾಕ್ರಿ ಅಮ್ಮೀ. ವೈರ್ ಬಿಟ್ಟು ಬಂದೀನಿ."

ಮುದುಕಿ ಕೈ ಎತ್ತಿದಳು. ಬೆರಳು ಸ್ವಿಚ್ಚಿಗೆ ಮುಟ್ಟಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

"ನೀನ ಹಾಕವ್ವಾ," ಎಂದಳು. "ನನ್ನ ಕೈಲಿ ಆಗವಲ್ದು."

ಮುಬೀನಾ ಹಾಕಿದಳು.